ಟೊಮೆಟೊ ಇಲ್ಲದ ದಿನದ ಸಾಲನ್

2023ರ ಜುಲೈ ತಿಂಗಳನ್ನು ಯಾವ ಗೃಹಿಣಿಯೂ ಅಷ್ಟು ಬೇಗ ಮರೆಯಲಾರಳು. ಟೊಮೆಟೊ ಬೆಲೆ ಕಿಲೋಗೆ ನೂರು ರೂಪಾಯಿ ದಾಟಿತ್ತು. ಅದೇ ಸೆಪ್ಟೆಂಬರ್ ಹೊತ್ತಿಗೆ ಬೆಲೆ ಕುಸಿದು, ಬೆಳೆದವರು ತಲೆಯ ಮೇಲೆ ಕೈ ಹೊತ್ತು ಕುಳಿತರು. ಅದಕ್ಕೂ ಮುಂಚೆ 2019ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಈರುಳ್ಳಿ ಇನ್ನೂರು ರೂಪಾಯಿ ಮುಟ್ಟಿತ್ತು. 2025ರಲ್ಲಿ ತೆಂಗಿನಕಾಯಿಯ ಸರದಿ. ಮುಂದೆ ಯಾವುದರದ್ದೋ! ಬೆಲೆ ಇಳಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ಇವತ್ತಿನ ಮಧ್ಯಾಹ್ನದ ಊಟ ನಮ್ಮ ಕೈಯಲ್ಲೇ ಇದೆ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಈ ನಾಲ್ಕು ತಾಲ್ಲೂಕುಗಳಲ್ಲಿ ವಾರದ ಬಟವಾಡೆ ಅಥವಾ ದಿನಗೂಲಿಯ ಮೇಲೆ ನಡೆಯುವ ಮನೆಗಳು ಎಷ್ಟೋ ಇವೆ. ದೊಡ್ಡಬಳ್ಳಾಪುರದ ಮಗ್ಗಗಳನ್ನೇ ನೋಡಿ. 2020ರ ಲಾಕ್‌ಡೌನಿನಲ್ಲಿ ಅವು ನಿಂತಾಗ ಎಷ್ಟೋ ಒಲೆಗಳ ಉರಿಯೂ ತಗ್ಗಿತು. ಇಂಥ ಕಾಲದಲ್ಲಿ ಮನೆಯಲ್ಲಿ ಮೊದಲು ಮಾಂಸ ನಿಲ್ಲುತ್ತದೆ, ಆಮೇಲೆ ಹಾಲು ಕಡಿಮೆಯಾಗುತ್ತದೆ. ಮೂರನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ. ಎಲ್ಲರಿಗೂ ಬಡಿಸಿ ಮುಗಿದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಮನೆಯಾಕೆ ಉಣ್ಣುತ್ತಾಳೆ. ಕೇಳಿದರೆ, ‘ನನಗೆ ಹಸಿವಿಲ್ಲ’ ಎನ್ನುತ್ತಾಳೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇರುವುದು ಕಂಡುಬಂತು. ಆದ್ದರಿಂದ ಸಹೋದರಿಯರೇ, ಕೆಳಗೆ ಹೇಳುವ ಬದಲಿಗಳೆಲ್ಲ ಇಡೀ ಮನೆಗೆ ಒಂದೇ ಪಾತ್ರೆಯಲ್ಲಿ ಆಗುವಂಥವು. ನಿಮ್ಮ ತಟ್ಟೆಯಿಂದ ಕಿತ್ತು ಮಾಡುವ ಉಳಿತಾಯವನ್ನು ನಾನು ಉಳಿತಾಯವೆಂದು ಲೆಕ್ಕಕ್ಕೆ ಹಿಡಿದಿಲ್ಲ.

ಯಾವ ಪದಾರ್ಥ ಇಲ್ಲದಿದ್ದರೂ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಅದು ಈ ಅಡುಗೆಯಲ್ಲಿ ಏನು ಕೆಲಸ ಮಾಡುತ್ತಿತ್ತು? ಟೊಮೆಟೊ ಸಾಲನ್‌ನಲ್ಲಿ ಮೂರು ಕೆಲಸ ಮಾಡುತ್ತದೆ. ಹುಳಿ ಕೊಡುತ್ತದೆ, ರಸ ಗಟ್ಟಿ ಮಾಡುತ್ತದೆ, ಕೆಂಪು ಬಣ್ಣ ಕೊಡುತ್ತದೆ. ಟೊಮೆಟೊ ಬದಲು ಬರೀ ಹುಣಸೆಹಣ್ಣು ಹಾಕಿದರೆ ಹುಳಿ ಬಂತು, ಸಾಲನ್ ನೀರಾಯಿತು. ‘ಏನೋ ಕಡಿಮೆಯಾಗಿದೆ’ ಎಂದು ಮನೆಯವರು ಮುಖ ಸಿಂಡರಿಸುವುದು ಅದಕ್ಕೇ. ಮೂರು ಕೆಲಸಕ್ಕೂ ಬದಲಿ ಬೇಕು.

ಅರ್ಧ ಕಿಲೋ ಕೋಳಿಗೆ ಹೀಗೆ ಮಾಡಿ. ಎಂದಿಗಿಂತ ಒಂದು ಈರುಳ್ಳಿ ಹೆಚ್ಚು ತೆಗೆದುಕೊಂಡು ತೆಳ್ಳಗೆ ಹೆಚ್ಚಿ ಕಂದು ಬಣ್ಣ ಬರುವವರೆಗೆ ಹುರಿಯಿರಿ. ಅರ್ಧವನ್ನು ತೆಗೆದು ರುಬ್ಬಿಟ್ಟುಕೊಳ್ಳಿ. ಗಟ್ಟಿತನ ಇಲ್ಲಿಂದಲೇ ಬರುತ್ತದೆ. ಉಳಿದ ಈರುಳ್ಳಿಗೆ ಶುಂಠಿ-ಬೆಳ್ಳುಳ್ಳಿ, ಅರಿಶಿನ, ಎರಡು ಚಮಚ ಧನಿಯಾ ಪುಡಿ, ಬ್ಯಾಡಗಿ ಮೆಣಸಿನಕಾಯಿ ಪುಡಿ ಹಾಕಿ ಬಾಡಿಸಿ, ಕೋಳಿ ಹಾಕಿ. ಬಣ್ಣ ಬ್ಯಾಡಗಿಯದ್ದು, ಖಾರ ಕಡಿಮೆ, ಕೆಂಪು ಹೆಚ್ಚು. ಇನ್ನು ಹುಳಿ. ಮುಕ್ಕಾಲು ಕಪ್ ಮೊಸರಿಗೆ ಒಂದು ಚಮಚ ಕಡಲೆಹಿಟ್ಟು ಬೆರೆಸಿ ಚೆನ್ನಾಗಿ ಕಡೆಯಿರಿ. ಹಿಟ್ಟು ಬೆರೆತ ಮೊಸರು ಅಷ್ಟು ಸುಲಭವಾಗಿ ಒಡೆಯುವುದಿಲ್ಲ. ಉರಿ ತೀರಾ ಸಣ್ಣಗೆ ಮಾಡಿ ಮೊಸರು ಸುರಿದು, ಕುದಿ ಬರುವವರೆಗೆ ಕೈ ಬಿಡದೆ ತಿರುಗಿಸಿ. ರುಬ್ಬಿದ ಈರುಳ್ಳಿಯನ್ನೂ ಸೇರಿಸಿ, ಮುಚ್ಚಿ ಬೇಯಿಸಿ.

ಹುಳಿಗೆ ಋತುವಿನ ಪ್ರಕಾರ ಬೇರೆ ಬೇರೆ ದಾರಿಗಳಿವೆ. ಬೇಸಿಗೆಯಲ್ಲಿ ಮಾವಿನಕಾಯಿ, ಹೊಸ ಮಳೆ ಬಿದ್ದ ಮೇಲೆ ಹುಣಸೆ ಚಿಗುರು. ಎಳೆ ಚಿಗುರನ್ನು ಕೈಯಲ್ಲೇ ಉಜ್ಜಿ ಕಡ್ಡಿ ತೆಗೆದು, ಒಂದು ಹಿಡಿ ಮಾಂಸಕ್ಕೆ ಹಾಕಿ ನೋಡಿ. ದುಡ್ಡು ಕೊಡಬೇಕಾಗಿಲ್ಲ, ಮರ ಹತ್ತುವ ಹುಡುಗನೊಬ್ಬನಿದ್ದರೆ ಸಾಕು. ಒಂದು ಎಚ್ಚರಿಕೆ: ಬೇಳೆಗಾಗಲಿ ಕಾಳಿಗಾಗಲಿ ಹುಳಿಯನ್ನು ಬೆಂದ ಮೇಲೆಯೇ ಹಾಕಬೇಕು. ಮೊದಲೇ ಹಾಕಿದರೆ ಬೇಳೆ ಬೇಯದೆ ಗ್ಯಾಸ್ ಖರ್ಚಾಗುತ್ತದೆ.

ಈರುಳ್ಳಿಯೇ ದುಬಾರಿಯಾದಾಗ? ಅರ್ಧ ಈರುಳ್ಳಿ, ಅರ್ಧ ಸಣ್ಣಗೆ ಹೆಚ್ಚಿದ ಎಲೆಕೋಸು. ಚೆನ್ನಾಗಿ ಕಂದು ಬಣ್ಣಕ್ಕೆ ಹುರಿದರೆ ಎಲೆಕೋಸಿಗೂ ಸಿಹಿ ಬರುತ್ತದೆ. ಸಾಲನ್‌ಗೆ ಸರಿ, ಬಿರಿಯಾನಿಯ ಮೇಲೆ ಉದುರಿಸಲು ಮಾತ್ರ ಇದು ಆಗದು.

ಹೊಲದ ಅಕ್ಕಡಿ ಸಾಲು

ನಮ್ಮ ಕಡೆಯ ಹಳೆಯ ರಾಗಿ ಹೊಲ ನೋಡಿದವರಿಗೆ ಗೊತ್ತು. ರಾಗಿಯ ನಡುವೆ ಕೆಲವು ಸಾಲು ಬೇರೆ ಬೆಳೆ ಇರುತ್ತದೆ. ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ. ಇದನ್ನೇ ಅಕ್ಕಡಿ ಸಾಲು ಎನ್ನುವುದು. ರಾಗಿ ಕೈಕೊಟ್ಟರೆ ಅವರೆಯಾದರೂ ಬರಲಿ ಎಂಬುದು ರೈತನ ಲೆಕ್ಕ. ಅಡುಗೆಮನೆಯ ಲೆಕ್ಕಕ್ಕೂ ಅದೇ ಹೊಲ ಸಾಕು. ಹಿಟ್ಟು, ಬೇಳೆ, ಎಣ್ಣೆಕಾಳು, ಒಗ್ಗರಣೆ ಎಲ್ಲ ಅಲ್ಲೇ ಇದೆ.

ಹುಚ್ಚೆಳ್ಳನ್ನು ನಮ್ಮ ಮನೆಗಳಲ್ಲಿ ಮರೆಯುತ್ತಿದ್ದೇವೆ. ಬಗಾರಾ ಬೈಂಗನ್‌ಗೆ ಎಳ್ಳು, ಕಡಲೆಕಾಯಿ ಬೀಜ, ಕೊಬ್ಬರಿ ಬೇಕು ಎಂದು ಕೂರುತ್ತೇವೆ. ಕೊಬ್ಬರಿ ದುಬಾರಿಯಾದಾಗ ಎರಡು ಚಮಚ ಹುರಿದ ಹುಚ್ಚೆಳ್ಳು, ಎರಡು ಚಮಚ ಕಡಲೆಕಾಯಿ ಬೀಜ ಸೇರಿಸಿ ರುಬ್ಬಿ. ಬಣ್ಣ ಸ್ವಲ್ಪ ಕಪ್ಪಾಗುತ್ತದೆ, ಪರಿಮಳ ಮಾತ್ರ ಬೇರೆಯೇ. ಪುಡಿ ಮಾಡಿಡುವುದಾದರೆ ಒಂದು ಕಪ್ ಹುಚ್ಚೆಳ್ಳನ್ನು ಕಲ್ಲು ಆರಿಸಿ, ಸಣ್ಣ ಉರಿಯಲ್ಲಿ ಚಟಪಟ ಎನ್ನುವವರೆಗೆ ಹುರಿಯಿರಿ. ಎಂಟು ಹುರಿದ ಒಣಮೆಣಸಿನಕಾಯಿ, ಆರು ಎಸಳು ಬೆಳ್ಳುಳ್ಳಿ, ಚೂರು ಹುಣಸೆಹಣ್ಣು, ಉಪ್ಪು ಹಾಕಿ ತರಿತರಿಯಾಗಿ ಕುಟ್ಟಿ. ತರಕಾರಿ ಇಲ್ಲದ ದಿನ ಬಿಸಿ ಮುದ್ದೆಗೋ ರೊಟ್ಟಿಗೋ ಇದೊಂದಿದ್ದರೆ ಆಯಿತು.

ಚಳಿಗಾಲದಲ್ಲಿ ಅವರೆಕಾಯಿ. ಹಗಲು ಚಿಕ್ಕದಾಗುತ್ತ ಬಂದಾಗ ನಾಟಿ ಅವರೆ ಹೂ ಬಿಡುತ್ತದೆ. ಡಿಸೆಂಬರ್-ಜನವರಿಯಲ್ಲಿ ಸಂತೆ ತುಂಬಾ ಅದೇ. ಕಾಯಿಯ ಮೇಲೆ ಕೈಗೆ ಅಂಟುವ ಸೊಗಡು ಇದ್ದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಕಾಲು ಕಿಲೋ ಖೀಮಾ ಎಂಟು ಜನಕ್ಕೆ ಸಾಲದು ಎನಿಸಿದ ದಿನ ಹಿದುಕಿದ ಬೇಳೆ ನಿಮ್ಮ ಮಾನ ಉಳಿಸುತ್ತದೆ. ಕಾಳನ್ನು ನಾಲ್ಕೈದು ಗಂಟೆ ನೆನೆಸಿ, ಬೆರಳಲ್ಲಿ ಹಿದುಕಿ ಸಿಪ್ಪೆ ತೆಗೆಯಿರಿ. ಕೂತು ಮಾಡುವ ಕೆಲಸ, ಅತ್ತೆ, ಮಕ್ಕಳು, ಮನೆಯ ಗಂಡಸರು ಯಾರು ಬೇಕಾದರೂ ಕೈಹಾಕಬಹುದು. (ಗಂಡಸರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.) ಖೀಮಾವನ್ನು ಮಸಾಲೆಯಲ್ಲಿ ಹುರಿದು ಅರ್ಧ ಬೆಂದ ಮೇಲೆ ಎರಡು ಕಪ್ ಹಿದುಕಿದ ಬೇಳೆ, ಒಂದು ಹಿಡಿ ಹೆಚ್ಚಿದ ಸಬ್ಬಸಿಗೆ ಸೊಪ್ಪು ಹಾಕಿ. ಮೊದಲೇ ಹಾಕಿದರೆ ಬೇಳೆ ಕರಗಿಹೋಗುತ್ತದೆ. ಚಪಾತಿ, ಅನ್ನ, ರಾಗಿ ರೊಟ್ಟಿ ಎಲ್ಲಕ್ಕೂ ಹೊಂದುತ್ತದೆ. ಎಲ್ಲರ ತಟ್ಟೆಗೂ ಮಾಂಸ ಬರುತ್ತದೆ, ನಿಮ್ಮ ತಟ್ಟೆಗೂ.

ಅವರೆ ಕಾಲ ಮುಗಿದ ಮೇಲೆ ದಾಲ್ಚಾ ಇದ್ದೇ ಇದೆ. ಕಟುಕರ ಅಂಗಡಿಯಲ್ಲಿ ಮೂಳೆ ಹೆಚ್ಚಿರುವ ಕಾಲು ಕಿಲೋ ಮಾಂಸ ಕೇಳಿ ತನ್ನಿ. ಈರುಳ್ಳಿ, ಶುಂಠಿ-ಬೆಳ್ಳುಳ್ಳಿ, ಅರಿಶಿನದೊಂದಿಗೆ ಕುಕ್ಕರಿನಲ್ಲಿ ಮೆತ್ತಗಾಗುವವರೆಗೆ ಬೇಯಿಸಿ. ಅರ್ಧ ಗಂಟೆ ನೆನೆದ ಒಂದು ಕಪ್ ಕಡಲೆಬೇಳೆಯನ್ನು ಬೇರೆ ಬೇಯಿಸಿ ಅರೆಬರೆ ಮಸೆಯಿರಿ. ಎರಡನ್ನೂ ಸೇರಿಸಿ, ಅರ್ಧ ಸೋರೆಕಾಯಿಯ ದಪ್ಪ ಹೋಳು, ಖಾರ, ಧನಿಯಾ, ಉಪ್ಪು ಹಾಕಿ. ಸೋರೆಕಾಯಿ ಬೆಂದ ಮೇಲೆ ನಿಂಬೆ ಗಾತ್ರದ ಹುಣಸೆಹಣ್ಣಿನ ರಸ ಹಾಕಿ ಹತ್ತು ನಿಮಿಷ ಕುದಿಸಿ. ಜೀರಿಗೆ, ಒಣಮೆಣಸಿನಕಾಯಿ, ಕರಿಬೇವಿನ ಬಗಾರ್ ಕೊಡಿ. ಆರು ಜನಕ್ಕೆ ಧಾರಾಳ.

ಇದಕ್ಕೆ ಜೊತೆ ಕುಷ್ಕಾ. ಹೊಸಕೋಟೆಯ ದಮ್ ಬಿರಿಯಾನಿಗೆಂದು ಬೆಂಗಳೂರಿನವರು ಬೆಳಗಾಗುವ ಮುಂಚೆಯೇ ಬಂದು ಸಾಲಾಗಿ ನಿಲ್ಲುತ್ತಾರೆ. ಮನೆಯ ಕುಷ್ಕಾಕ್ಕೆ ಪಡಿತರ ಅಕ್ಕಿಯೂ ಆಗುತ್ತದೆ, ಮುದ್ದೆಯಾಗದಂತೆ ನೋಡಿಕೊಂಡರೆ ಸರಿ. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ನೆನೆಸಬೇಡಿ. ಧಾರಾಳ ನೀರು ಕುದಿಸಿ ಉಪ್ಪು, ಒಂದು ಚಮಚ ಎಣ್ಣೆ, ನಾಲ್ಕು ಹನಿ ನಿಂಬೆರಸ ಹಾಕಿ ಅಕ್ಕಿಯನ್ನು ಮುಕ್ಕಾಲು ಬೇಯಿಸಿ ಬಸಿಯಿರಿ. ಹುರಿದ ಈರುಳ್ಳಿ, ಪುದೀನಾ, ಗರಂ ಮಸಾಲೆಯ ಮೇಲೆ ಹರಡಿ, ಮುಚ್ಚಳದ ಸುತ್ತ ಹಿಟ್ಟು ಮೆತ್ತಿ, ಕೆಳಗೆ ಹೆಂಚಿಟ್ಟು ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ದಮ್ ಕೊಡಿ. ದಿನನಿತ್ಯದ ಅನ್ನಕ್ಕೆ ಮಾತ್ರ ಗಂಜಿ ಬಸಿಯುವುದು ಬೇಡ, ಸತ್ವವೂ ಬಸಿದುಹೋಗುತ್ತದೆ. ಹಾಂ, ಪಡಿತರ ಅಕ್ಕಿಯಲ್ಲಿ ಬೇರೆ ಥರ ಕಾಣುವ ಕೆಲವು ಕಾಳುಗಳು ಬಂದಾಗ ‘ಪ್ಲಾಸ್ಟಿಕ್ ಅಕ್ಕಿ’ ಎಂಬ ಪುಕಾರು ಹಬ್ಬಿತ್ತು. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ತಯಾರಿಸಿದ ಕಾಳು. ಕಂಡರೆ ಆರಿಸಿ ಎಸೆಯಬೇಡಿ.

ಬದಲಿಸಬಾರದ ಬದಲಿಗಳು

ತುಪ್ಪ ದುಬಾರಿ ಎಂದು ವನಸ್ಪತಿ ಡಬ್ಬ ತರುವುದು ನಮ್ಮಲ್ಲಿ ಹಳೆಯ ರೂಢಿ. ಹೃದಯಕ್ಕೆ ಕೆಟ್ಟದ್ದಾದ ಟ್ರಾನ್ಸ್ ಕೊಬ್ಬಿನ ಕಾರಣದಿಂದ 2022ರ ಜನವರಿಯಿಂದ ಸರಕಾರವೇ ಅದಕ್ಕೆ ಶೇಕಡಾ 2ರ ಮಿತಿ ಹಾಕಿದೆ. ನನ್ನ ಸಲಹೆ ಸರಳ. ಅಡುಗೆಯೆಲ್ಲ ಮಾಮೂಲಿ ಎಣ್ಣೆಯಲ್ಲಿ ಮಾಡಿ, ಇಳಿಸುವ ಮುನ್ನ ಒಂದೇ ಚಮಚ ಒಳ್ಳೆಯ ತುಪ್ಪ ಮೇಲೆ ಹಾಕಿ ಮುಚ್ಚಿಡಿ. ಘಮಕ್ಕೆ ಅಷ್ಟು ಸಾಕು.

ಇನ್ನೊಂದು, ಕಬಾಬಿನ ಕೆಂಪು ಬಣ್ಣದ ಪುಡಿ. 2024ರ ಜೂನ್‌ನಲ್ಲಿ ಕರ್ನಾಟಕ ಸರಕಾರ ಕಬಾಬ್‌ಗಳಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಅಂಗಡಿಯವನಿಗೆ ಬೇಡವಾದದ್ದು ನಮ್ಮ ಮಕ್ಕಳಿಗೆ ಏಕೆ? ಆರು ಬ್ಯಾಡಗಿ ಮೆಣಸಿನಕಾಯಿಯನ್ನು ಬಿಸಿನೀರಲ್ಲಿ ನೆನೆಸಿ ಶುಂಠಿ-ಬೆಳ್ಳುಳ್ಳಿಯೊಂದಿಗೆ ನುಣ್ಣಗೆ ರುಬ್ಬಿ. ಅರಿಶಿನ, ಎರಡು ಚಮಚ ಮೊಸರು, ಎರಡು ಚಮಚ ಅಕ್ಕಿಹಿಟ್ಟು, ನಿಂಬೆರಸ, ಉಪ್ಪು ಸೇರಿಸಿ ಅರ್ಧ ಕಿಲೋ ಕೋಳಿಗೆ ಹಚ್ಚಿ ಒಂದು ಗಂಟೆ ಬಿಡಿ, ಕರಿಯಿರಿ.

ಸಕ್ಕರೆ ಬದಲು ಬೆಲ್ಲ ಹಾಕಿದರೆ ಸಕ್ಕರೆ ಕಾಯಿಲೆಯವರು ಧಾರಾಳವಾಗಿ ತಿನ್ನಬಹುದು ಎಂಬ ನಂಬಿಕೆಯನ್ನೂ ಬಿಡಿ, ರಕ್ತದಲ್ಲಿ ಎರಡೂ ಸಕ್ಕರೆಯೇ. ಬೆಲ್ಲದ ಖೀರ್ ಮಾಡುವುದಾದರೆ ಹಾಲನ್ನು ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಮೇಲೆ ಬೆಲ್ಲ ಹಾಕಿ, ಇಲ್ಲವಾದರೆ ಹಾಲು ಒಡೆಯುತ್ತದೆ. ರಾಗಿಯ ಮಾತೂ ಅಷ್ಟೇ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಪಾಲಿಶ್ ಅಕ್ಕಿಯಲ್ಲಿ ಹತ್ತರ ಆಸುಪಾಸು. ಬೆಳೆಯುವ ಮಕ್ಕಳಿಗೆ, ಬಾಣಂತಿಯರಿಗೆ, ನಮಗೆ, ಎಲ್ಲರಿಗೂ ಬೇಕಾದದ್ದು. ಆದರೆ ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಒಂದು ಮುದ್ದೆಯೊಂದಿಗೆ ಹೆಚ್ಚು ಸೊಪ್ಪಿನ ಸಾರು ಬಡಿಸಿ. ರಾಗಿ ತಾನೇ ಎಂದು ಮೂರು ಮುದ್ದೆ ಬೇಡ.

ರಕ್ತಹೀನತೆಯ ವಿಷಯಕ್ಕೆ ಮತ್ತೆ ಬರೋಣ. ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣ ಮೈಗೆ ಹಿಡಿಯಲು ಜೊತೆಗೆ ಹುಳಿ ಹಣ್ಣು ಬೇಕು. ಅರ್ಧ ನಿಂಬೆಹಣ್ಣು ಹಿಂಡಿಕೊಳ್ಳಿ, ಅಥವಾ ದೇವನಹಳ್ಳಿಯ ಚಕ್ಕೋತ ಹಣ್ಣಿನ ನಾಲ್ಕು ತೊಳೆ ಬಿಡಿಸಿಕೊಳ್ಳಿ. ಭೌಗೋಳಿಕ ಗುರುತಿನ ಮನ್ನಣೆ ಪಡೆದ ಹಣ್ಣು ಅದು. 2008ರಲ್ಲಿ ವಿಮಾನ ನಿಲ್ದಾಣ ಬಂದು ಊರಿನ ಸುತ್ತ ಬಡಾವಣೆಗಳು ಬೆಳೆದಂತೆ ತೋಟಗಳು ಕಡಿಮೆಯಾದವು, ಹಿತ್ತಲಿನಲ್ಲಿ ಮರ ಉಳಿಸಿಕೊಂಡವರು ಪುಣ್ಯವಂತರು. ಬಿಡಿಸಿದ ತೊಳೆಗೆ ಉಪ್ಪು, ಖಾರದ ಪುಡಿ, ಕೊತ್ತಂಬರಿ ಸೊಪ್ಪು ಬೆರೆಸಿದರೆ ಕಚುಂಬರ್ ಆಯಿತು. ರಕ್ತದೊತ್ತಡ, ಕೊಲೆಸ್ಟ್ರಾಲಿನ ಕೆಲವು ಮಾತ್ರೆಗಳೊಂದಿಗೆ ಚಕ್ಕೋತ ಆಗಿಬರುವುದಿಲ್ಲ, ಮಾತ್ರೆ ನುಂಗುವವರು ವೈದ್ಯರನ್ನು ಕೇಳಿ. ಉಂಡ ಕೂಡಲೇ ಚಹಾ ಬೇಡ, ಅದು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಒಂದು ಗಂಟೆ ತಾಳಿ.

ರಾತ್ರಿ ಉಳಿದ ಮುದ್ದೆಯನ್ನು ಎಸೆಯುವವರೂ ಇದ್ದಾರೆ! ಅದನ್ನು ಮುರಿದು, ಮುಳುಗುವಷ್ಟು ಕುದಿಸಿ ಆರಿಸಿದ ನೀರು ಹಾಕಿ ತಣ್ಣನೆಯ ಜಾಗದಲ್ಲಿ ಮುಚ್ಚಿಡಿ. ಬೆಳಿಗ್ಗೆ ಕೈಯಲ್ಲಿ ಕಿವುಚಿ, ಎರಡು ಲೋಟ ಮಜ್ಜಿಗೆ, ಉಪ್ಪು, ಜಜ್ಜಿದ ಜೀರಿಗೆ ಸೇರಿಸಿದರೆ ಅಂಬಲಿ ಸಿದ್ಧ. ರಮಝಾನ್ ಬೇಸಿಗೆಯಲ್ಲಿ ಬಂದ ವರ್ಷಗಳಲ್ಲಿ ಸಹರಿಗೆ ಇದು ಬಹಳ ಒಳ್ಳೆಯದು, ಹೊಟ್ಟೆ ತಂಪಾಗಿರುತ್ತದೆ, ಬೇಗ ಹಸಿಯುವುದಿಲ್ಲ. ಒಂದು ರಾತ್ರಿಗಿಂತ ಹೆಚ್ಚು ಇಡಬೇಡಿ. ನಂಚಿಕೊಳ್ಳಲು ಒಂದು ಹಸಿ ಈರುಳ್ಳಿ ಇದ್ದರೆ ಸಾಕು, ಅದರ ಬೆಲೆ ಇನ್ನೂರು ಇಲ್ಲದ ದಿನಗಳಲ್ಲಿ.