ಹೊಳೆ ಮೆಟ್ಟಿಲ ಮೇಲೆ ನಾಲ್ಕು ಬೆಳಕು

ರುದ್ರಪಟ್ಟಣದಲ್ಲಿ ಬೈಗಿನ ಹೊತ್ತು. ಕಾವೇರಿಯ ಮೇಲಿಂದ ಬೀಸುವ ತಣ್ಣನೆ ಗಾಳಿಯಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳ ಘಾಟು ಬೆರೆತಿದೆ. ಗಾಯಕ ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ ಊರು ಇದು. ಸಂಗೀತಗಾರರ ಊರೆಂದೇ ಹೆಸರು. ತಂಬೂರಿಯ ಆಕಾರದಲ್ಲಿ ಎದ್ದು ನಿಂತ ಸಪ್ತಸ್ವರ ದೇವತಾ ಧ್ಯಾನ ಮಂದಿರ ಸಂಜೆಗೆಂಪಿನಲ್ಲಿ ಇನ್ನಷ್ಟು ನೀಳವಾಗಿ ಕಾಣುತ್ತದೆ.

ಹೊಳೆ ಮೆಟ್ಟಿಲ ಮೇಲೆ ನಾಲ್ವರು ಹುಡುಗರು ಭುಜಕ್ಕೆ ಭುಜ ತಾಗಿಸಿ ಕೂತಿದ್ದಾರೆ. ಮಾತಿಲ್ಲ. ಮೊಬೈಲಿನ ನೀಲಿ ಬೆಳಕು ಮುಖಕ್ಕೆ ಬಡಿಯುತ್ತಿದೆ, ಹೆಬ್ಬೆರಳುಗಳು ಮಾತ್ರ ಓಡುತ್ತಿವೆ. ಪಕ್ಕದಲ್ಲೇ ಮೀನು ಎಗರಿ ನೀರು ಚಿಮ್ಮಿದರೂ ಒಬ್ಬನೂ ತಲೆ ಎತ್ತಲಿಲ್ಲ. ಮೇಲಿನಿಂದ ಯಾರೋ ಕೂಗಿದರೆ ಒಬ್ಬನ ಉತ್ತರ: “ಬಂದೆ ತಾಳಮ್ಮ, ಇನ್ನೈದೇ ನಿಮಿಷ.”

ಫೋನ್ ಹಿಡಿದ ಮಕ್ಕಳೆಲ್ಲ ರೋಗಿಗಳಲ್ಲ. ಮೊಬೈಲ್ ಆಟ ಕೈಮೀರಿ, ಊಟ, ನಿದ್ದೆ, ಓದಿಗಿಂತ ಅದೇ ಮುಖ್ಯವಾಗಿ, ಹಾನಿಯಾಗುತ್ತಿದೆಯೆಂದು ಗೊತ್ತಿದ್ದೂ ನಿಲ್ಲಿಸಲಾಗದ ಸ್ಥಿತಿ ಸಾಮಾನ್ಯವಾಗಿ 12 ತಿಂಗಳಾದರೂ ಮುಂದುವರಿದು ಬದುಕನ್ನು ಕೆಡಿಸಿದರೆ, ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಾಯಿಲೆಯೆಂದು ಗುರುತಿಸುತ್ತದೆ. ಅಷ್ಟು ದೂರ ಹೋಗುವ ಮೊದಲೇ ಕೈ ಹಿಡಿಯಬೇಕು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 2014ರಲ್ಲೇ ಇದಕ್ಕೆಂದು ‘ಷಟ್’ ಕ್ಲಿನಿಕ್ ತೆರೆಯಿತು.

ಇಂಥ ಗೀಳಿಗೆ ಹದಿಹರೆಯದವರಿಗೆ ಕೊಡುವ ಗುಂಪು ಚಿಕಿತ್ಸೆಯ ರೀತಿ ಸರಳ. ಮಕ್ಕಳು ದುಂಡಗೆ ಕೂರುತ್ತಾರೆ. ಎದುರಿಗೆ ಆಪ್ತಸಲಹೆಗಾರರು, ಬೈಗುಳವಿಲ್ಲ, ಉಪದೇಶವಿಲ್ಲ. ಮೊದಲು ನೆಲ ನೋಡುತ್ತಾ, ಉಗುರು ಕಡಿಯುತ್ತಾ ಕೂತ ಮಗು, ತಾನು ದಿನಾ ಮನೆಯಲ್ಲಿ ಹೇಳುವ ‘ಇನ್ನೈದೇ ನಿಮಿಷ’ವನ್ನು ಇನ್ನೊಬ್ಬನ ಬಾಯಲ್ಲಿ ಕೇಳಿದಾಗ ಮೆಲ್ಲನೆ ತಲೆ ಎತ್ತುತ್ತದೆ. ನಾಚಿಕೆ ಕರಗಿ ಮಾತು ಹೊರಬರುತ್ತದೆ: ಬೇಸರವಾದಾಗಲೋ, ಜಗಳವಾದಾಗಲೋ, ಒಂಟಿಯೆನಿಸಿದಾಗಲೋ ಕೈ ಫೋನಿನತ್ತ ಹೋಗುವುದು? ಆ ಹೊತ್ತಿಗೆ ಬೇರೇನು ಮಾಡಬಹುದು? ಮಲಗುವಾಗ ಫೋನ್ ಎಲ್ಲಿಡಬೇಕು? ಉತ್ತರ ಗುಂಪಿನೊಳಗಿಂದಲೇ ಹುಟ್ಟುತ್ತದೆ. ರುದ್ರಪಟ್ಟಣ ಬಲ್ಲ ವಿದ್ಯೆಯೇ ಇದು: ಪಕ್ಕದವರ ದನಿ ಕೇಳಿಸಿಕೊಂಡು ತನ್ನ ಶ್ರುತಿ ಸರಿಮಾಡಿಕೊಳ್ಳುವುದು.

ರುದ್ರಪಟ್ಟಣದಿಂದ ಬೆಂಗಳೂರು ದೂರ. ಆದರೆ 14416ಕ್ಕೆ ಕರೆ ಮಾಡಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್‌ನಲ್ಲಿ ಕನ್ನಡದಲ್ಲೇ, ಹಣವಿಲ್ಲದೆ, ಸಲಹೆ ಸಿಗುತ್ತದೆ.

ಕತ್ತಲಾಯಿತು. ಕೂಗಿ ಕೂಗಿ ಸಾಕಾದ ತಾಯಿ ಮೆಟ್ಟಿಲಿಳಿದು ಬಂದರು. ಫೋನ್ ಕಿತ್ತುಕೊಳ್ಳಲಿಲ್ಲ, ಸೆರಗು ಸಿಕ್ಕಿಸಿಕೊಂಡು ಮಗನ ಪಕ್ಕದಲ್ಲೇ ಕೂತರು.

“ಅದ್ಯಾವ ಆಟನೋ, ನಂಗೂ ಒಸಿ ತೋರ್ಸು.”

ಹುಡುಗ ತಲೆ ಎತ್ತಿ ಅಮ್ಮನ ಮುಖ ನೋಡಿದ.