ಪಾನಕದ ಹೆಸರು ಯಾರ ಸೊತ್ತು?

ಪುಣೆಯ ಅಂಗಡಿಗಳ ಕೋಕಂ ಪಾನಕವೇ ದಕ್ಷಿಣ ಕನ್ನಡದ ಪುನರ್ಪುಳಿ ಪಾನಕ. ಇವುಗಳಲ್ಲೊಂದು ಹೆಸರನ್ನು ವರ್ತಕನೊಬ್ಬನು ತನ್ನ ಮುದ್ರೆಯನ್ನಾಗಿ ಮಾಡಿಕೊಳ್ಳಬಹುದೆ? ಸಾಮಾನ್ಯವಾಗಿ ಆಗದು. ಸರಕಿನ ಜಾತಿ, ಗುಣಗಳನ್ನಷ್ಟೇ ಸೂಚಿಸುವ ಪದಕ್ಕೆ 1999ರ ವ್ಯಾಪಾರಮುದ್ರೆ ಕಾಯಿದೆಯ 9ನೆಯ ವಿಧಿಯು ನೋಂದಣಿಯನ್ನು ನಿರಾಕರಿಸುತ್ತದೆ. ಬಳಕೆಯಿಂದ ಆ ಪದವು ಒಬ್ಬನ ಸರಕಿಗೇ ಗುರುತಾಗಿದ್ದರೆ ಮಾತ್ರ ವಿನಾಯಿತಿಯುಂಟು.

ಪುಣೆಯಲ್ಲಿ 1884ರಲ್ಲಿ ಆರಂಭವಾದ ಅರ್ದೇಶಿರ್ ಸೋಡಾ ಇದಕ್ಕೆ ನಿದರ್ಶನ. ರಾಸ್ಪ್‌ಬೆರಿ ಎಂಬುದು ರುಚಿಯ ಹೆಸರು, ಅದು ಎಲ್ಲರದು. ಅರ್ದೇಶಿರ್ ಎಂಬುದು ತಯಾರಕನ ಗುರುತು.

ಪಾನಕ, ಸೋಡಾಗಳು 32ನೆಯ ವರ್ಗಕ್ಕೆ ಸೇರುತ್ತವೆ. ಪುಣೆಯ ವರ್ತಕರ ಅರ್ಜಿಗಳು ಮುಂಬಯಿಯ ಕಚೇರಿಗೆ ಸಲ್ಲುತ್ತವೆ. ನೋಂದಣಿಯ ಅವಧಿ 10 ವರ್ಷ. ಅದನ್ನು ಮತ್ತೆ ಮತ್ತೆ ನವೀಕರಿಸಬಹುದು. ಆದುದರಿಂದ ಇಲ್ಲಿ ಪಾನಕದ ವ್ಯಾಪಾರಕ್ಕಿಳಿಯುವ ಕನ್ನಡಿಗನು ಹಣ್ಣಿನ ಹೆಸರನ್ನು ಲೋಕಕ್ಕೆ ಬಿಟ್ಟು, ತನ್ನದೇ ಆದ ಹೆಸರೊಂದನ್ನು ಬೆಳೆಸುವುದು ಲೇಸು.