ಶೀಸೆಗಳ ಶುಚಿತ್ವ

ಮನೆಯಲ್ಲಿ ದ್ರಾಕ್ಷಿಯ ರಸವನ್ನಾಗಲಿ ಶುಂಠಿಯ ಪಾನೀಯವನ್ನಾಗಲಿ ಹುದುಗಿಸಿ ಇಡುವವರು ಹಣ್ಣನ್ನು ಆರಿಸುವುದರಲ್ಲಿ ಬಹಳ ಎಚ್ಚರಿಕೆ ವಹಿಸುವರು, ಸಕ್ಕರೆಯನ್ನು ತೂಗಿ ಹಾಕುವರು, ದಿನಗಳನ್ನು ಎಣಿಸುವರು. ಆದರೆ ಇಷ್ಟೆಲ್ಲಾ ಶ್ರಮದ ಫಲವನ್ನು ಕೊನೆಗೆ ತುಂಬತಕ್ಕ ಶೀಸೆಯ ವಿಷಯದಲ್ಲಿ ಅಷ್ಟು ಲಕ್ಷ್ಯ ಕೊಡುವವರು ವಿರಳ. ಕಣ್ಣಿಗೆ ಹೊಳೆದರೆ ಸಾಕು, ಶೀಸೆ ಶುಚಿಯಾಯಿತೆಂದು ನಾವು ನಂಬುತ್ತೇವೆ.

ಕೊಡಗಿನಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ ಪ್ರತಿ ವರ್ಷವೂ ದ್ರಾಕ್ಷಿಯ ವೈನನ್ನು ಮಾಡುವ ವಾಡಿಕೆಯುಂಟು. ಒಂದು ವರ್ಷ ಹನ್ನೆರಡು ಶೀಸೆಗಳನ್ನು ತುಂಬಿಟ್ಟಿದ್ದರು. ಮಗಳ ನಿಶ್ಚಿತಾರ್ಥಕ್ಕೆಂದು ತೆಗೆದು ನೋಡಿದಾಗ ಏಳು ಶೀಸೆಗಳು ಚೆನ್ನಾಗಿದ್ದುವು. ಉಳಿದ ಐದು ಹುಳಿತು ವಿನೆಗರ್ ಆಗಿದ್ದುವು. “ಸಾಬೂನು ಹಾಕಿ ಥಳಥಳನೆ ತೊಳೆದಿದ್ದೆನಲ್ಲ, ಇನ್ನೇನು ಮಾಡಬೇಕಾಗಿತ್ತು?” ಎಂದು ಅಕ್ಕ ಕೇಳಿದಳು. ಕೆಟ್ಟ ಐದೂ ಹಳೆಯ ಶೀಸೆಗಳು. ಅವುಗಳ ತಳದ ಮೂಲೆಯಲ್ಲಿ ಹಿಂದಿನ ವರ್ಷದ ಗಸಿ ಒಣಗಿ ಕೂತಿತ್ತು, ಬಿರಡೆಗಳೂ ಸಡಿಲವಾಗಿದ್ದುವು. ಅಕ್ಕನ ಪ್ರಶ್ನೆಗೆ ಉತ್ತರ ಹುಡುಕಿದಾಗ ತಿಳಿದುಬಂದ ಸಂಗತಿಗಳನ್ನು ವಾಚಕರ ಮುಂದಿಡುತ್ತೇನೆ.

ದ್ರಾಕ್ಷಾರಸವೂ ಬಿಯರೂ ಕೆಡುವುದು ಸೂಕ್ಷ್ಮಜೀವಿಗಳಿಂದ ಎಂಬುದನ್ನು ಫ್ರಾನ್ಸಿನ ಲೂಯಿ ಪಾಶ್ಚರನು 1866ರಲ್ಲಿಯೂ 1876ರಲ್ಲಿಯೂ ಪ್ರಕಟಿಸಿದ ತನ್ನ ಎರಡು ಗ್ರಂಥಗಳಲ್ಲಿ ವಿವರಿಸಿದನು. ಮದ್ಯಸಾರವನ್ನು ಹುಳಿಯಾಗಿ ಮಾರ್ಪಡಿಸುವ ಜೀವಿಗಳಿಗೆ ಬೇಕಾದುದು ಸ್ವಲ್ಪ ಗಾಳಿ, ಅಡಗಿಕೊಳ್ಳಲು ಸ್ವಲ್ಪ ಜಾಗ. ಒಣಗಿದ ಗಸಿಯೇ ಆ ಜಾಗ. ಆದುದರಿಂದ ಮೊದಲು ತಿಳಿಯತಕ್ಕದ್ದೇನೆಂದರೆ, ಕೊಳೆಯನ್ನು ತೆಗೆಯುವುದು ಒಂದು ಕೆಲಸ, ಕ್ರಿಮಿಗಳನ್ನು ಕೊಲ್ಲುವುದು ಇನ್ನೊಂದು ಕೆಲಸ. ಕೊಳೆಯಿರುವ ಶೀಸೆಗೆ ಎಷ್ಟು ಕ್ರಿಮಿನಾಶಕವನ್ನು ಸುರಿದರೂ ಅದರ ಶಕ್ತಿಯೆಲ್ಲ ಕೊಳೆಯ ಮೇಲೆಯೇ ವ್ಯಯವಾಗುವುದು.

ಕೊಳೆ ತೆಗೆಯುವುದಕ್ಕೆ ಎಲ್ಲಕ್ಕಿಂತ ಅಗ್ಗವಾದ ಉಪಾಯ ತಣ್ಣೀರು. ಶೀಸೆ ಬರಿದಾದ ಕೂಡಲೆ ಎರಡು ಸಲ ಕುಲುಕಿ ಚೆಲ್ಲಿ, ಬೋರಲು ಹಾಕಿಟ್ಟರೆ ಮುಂದಿನ ಶ್ರಮ ಮುಕ್ಕಾಲು ಪಾಲು ತಪ್ಪುವುದು. ಗಸಿ ಒಣಗಿಬಿಟ್ಟಿದ್ದರೆ ವಾಷಿಂಗ್ ಸೋಡಾ ಉತ್ತಮ. ಒಂದು ಲೀಟರ್ ಬಿಸಿನೀರಿಗೆ ಒಂದು ದೊಡ್ಡ ಚಮಚೆಯಷ್ಟು ಸೋಡಾ ಹಾಕಿ ಅರ್ಧ ಗಂಟೆ ನೆನೆಯಿಟ್ಟು, ಉದ್ದ ಹಿಡಿಯ ಬ್ರಷ್ಷಿನಿಂದ ಉಜ್ಜಬೇಕು. ಬ್ರಷ್ಷು ಮುಟ್ಟದ ಕಡೆಗೆ ಒಂದು ಹಿಡಿ ಅಕ್ಕಿಯನ್ನೂ ನೀರನ್ನೂ ಹಾಕಿ ಕುಲುಕಿದರೆ ಸಾಕು. ಹಿಂದೆ ಯೂರೋಪಿನಲ್ಲಿ ಇದೇ ಕೆಲಸಕ್ಕೆ ಸೀಸದ ಗುಂಡುಗಳನ್ನು ಬಳಸುತ್ತಿದ್ದರು. ತಳದಲ್ಲಿ ಸಿಕ್ಕಿಕೊಂಡ ಒಂದೆರಡು ಗುಂಡುಗಳು ಪಾನೀಯವನ್ನೇ ವಿಷ ಮಾಡುತ್ತಿದ್ದುವು. ನಮ್ಮ ಅಕ್ಕಿಯ ಕಾಳಿಗೆ ಆ ದೋಷವಿಲ್ಲ.

ಸೋಡಾವನ್ನು ಅಲ್ಯೂಮಿನಿಯಂ ಪಾತ್ರೆಗೆ ಹಾಕಬಾರದು. ಅದು ಲೋಹವನ್ನು ತಿನ್ನುವುದು. ಬಾವಿಯ ಗಡುಸು ನೀರಿನಲ್ಲಿ ಸೋಡಾ ಬಳಸಿದರೆ ಗಾಜಿನ ಮೇಲೆ ಬಿಳಿಯ ಪೊರೆ ಕಟ್ಟುವುದುಂಟು. ಅದಕ್ಕೆ ನಿಂಬೆಯ ರಸವೋ ವಿನೆಗರೋ ಮದ್ದು. ಪರಿಮಳದ ಸಾಬೂನನ್ನು ಮಾತ್ರ ದೂರವಿಡುವುದು ಲೇಸು. ಅದರ ವಾಸನೆ ಪ್ಲಾಸ್ಟಿಕ್ ಪಾತ್ರೆಗೂ ರಬ್ಬರ್ ನಳಿಗೆಗೂ ಅಂಟಿ ನಿಲ್ಲುವುದು. ಅದರ ಜಿಡ್ಡು ಬಿಯರಿನ ನೊರೆಯನ್ನು ಕೆಡಿಸುವುದು. ಪ್ಲಾಸ್ಟಿಕ್ ಪಾತ್ರೆಯನ್ನು ತೆಂಗಿನ ನಾರಿನಿಂದ ಉಜ್ಜುವುದೂ ತಪ್ಪು. ಗೀರುಗಳಲ್ಲಿ ಕ್ರಿಮಿಗಳು ಮನೆ ಮಾಡುವುವು. ಮೆತ್ತನೆಯ ಬಟ್ಟೆಯೇ ಸಾಕು.

ಬ್ರಿಟನ್ನಿನಲ್ಲಿ ಮನೆಯ ಬಿಯರಿಗೆ ಪರವಾನಿಗೆ ಬೇಕೆಂಬ ನಿಬಂಧನೆ 1963ರಲ್ಲಿ ರದ್ದಾಯಿತು. ಅಮೆರಿಕದಲ್ಲಿ ಅಂಥ ಅನುಮತಿಯ ಶಾಸನ 1978ರಲ್ಲಿ ಆಯಿತು. (ನಮ್ಮವರು ತಮ್ಮ ಪ್ರಾಂತದ ಅಬಕಾರಿ ನಿಯಮವನ್ನು ಮೊದಲು ತಿಳಿದುಕೊಳ್ಳತಕ್ಕದ್ದು.) ಆ ದೇಶಗಳಲ್ಲಿ ಈ ಕೆಲಸಕ್ಕೆಂದೇ ಹಲವು ಪುಡಿಗಳು ಮಾರಾಟಕ್ಕಿವೆ. ಅವುಗಳಲ್ಲಿ ಸೋಡಿಯಂ ಪರ್‌ಕಾರ್ಬೊನೇಟ್ ಬಹಳ ಗುಣವುಳ್ಳದ್ದು. ಬಿಸಿನೀರಿನಲ್ಲಿ ಅದು ಸೋಡಾವಾಗಿಯೂ ಹೈಡ್ರೊಜನ್ ಪೆರಾಕ್ಸೈಡ್ ಆಗಿಯೂ ಒಡೆದು, ಆಮ್ಲಜನಕವನ್ನು ಬಿಟ್ಟು ಕೊಳೆಯನ್ನು ಎಬ್ಬಿಸುವುದು, ವಾಸನೆಯನ್ನು ಉಳಿಸದು. ಆದರೆ ಆ ನೀರು ಶೀಸೆಯೊಳಗಿರುವಾಗ ಬಿರಡೆ ಹಾಕಿದರೆ ಒಳಗಿನ ಒತ್ತಡದಿಂದ ಅಪಾಯವಾಗಬಹುದು.

ಇನ್ನು ಕ್ರಿಮಿನಾಶದ ಮಾತು. ಮನೆವಾರ್ತೆಗೆ ಕುದಿಯುವ ನೀರಿಗಿಂತ ನಂಬಿಕೆಯ ವಸ್ತು ಬೇರಿಲ್ಲ. ದೊಡ್ಡ ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ಶೀಸೆಗಳನ್ನಿಟ್ಟು, ತಣ್ಣೀರನ್ನೇ ತುಂಬಿ, ಮೆಲ್ಲಗೆ ಕಾಯಿಸಿ ಹತ್ತು ನಿಮಿಷ ಕುದಿಸಬೇಕು. ತಣ್ಣನೆಯ ಗಾಜಿಗೆ ಕುದಿನೀರನ್ನು ಒಮ್ಮೆಲೇ ಸುರಿದರೆ ಅದು ಸೀಳುವುದು. ಕುದಿಸಲಾಗದ ನಳಿಗೆ, ಪ್ಲಾಸ್ಟಿಕ್ ಮುಂತಾದುವಕ್ಕೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಎಂಬ ಪುಡಿಯನ್ನು ವೈನ್ ಮಾಡುವವರು ಬಳಸುವರು. ಅದರಿಂದ ಏಳುವ ಗಂಧಕದ ಹೊಗೆ ಉಬ್ಬಸದವರಿಗೆ ಆಗದು. ಅಂಥವರು ಈ ಕೆಲಸಕ್ಕೆ ಕೈ ಹಾಕಬಾರದು.

ಅಂಗಡಿಯಲ್ಲಿ ಸುಲಭವಾಗಿ ದೊರೆಯುವುದು ಬಟ್ಟೆ ಬಿಳುಪುಮಾಡುವ ಕ್ಲೋರಿನ್ ದ್ರಾವಣ. ಪರಿಮಳವಿಲ್ಲದುದನ್ನು ಆರಿಸಿ, ಲೀಟರಿಗೆ ಒಂದು ಟೀ ಚಮಚೆಗೆ ಮೀರದಂತೆ ಹಾಕಿ, ಇಪ್ಪತ್ತು ನಿಮಿಷ ಬಿಟ್ಟು, ಕುದಿಸಿ ಆರಿಸಿದ ನೀರಿನಿಂದ ಹಲವು ಸಲ ತೊಳೆಯಬೇಕು. ಸ್ವಲ್ಪ ಉಳಿದರೂ ಪಾನೀಯಕ್ಕೆ ಔಷಧದ ವಾಸನೆ ಬರುವುದು. ಸ್ಟೀಲಿನ ಪಾತ್ರೆಯಲ್ಲಿ ಬಹಳ ಹೊತ್ತು ಬಿಟ್ಟರೆ ಅದನ್ನೂ ತಿನ್ನುವುದು.

ಇದರ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ವೈನ್ ಕೆಟ್ಟ ಮರುವರ್ಷ ಅಕ್ಕನ ಮಗನು, ಈ ಸಲ ತಪ್ಪಾಗಬಾರದೆಂದು, ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಶೀಸೆಗಳಿಗೆ ಈ ದ್ರಾವಣವನ್ನು ತುಂಬಿದನು. ಗಾಜಿನ ಬಿಳಿ ಪೊರೆಯೂ ಹೋಗಲೆಂದು ಅದರ ಮೇಲೆಯೇ ವಿನೆಗರನ್ನೂ ಸುರಿದನು. ಎರಡೂ ಸೇರಿದರೆ ಏಳುವುದು ಕ್ಲೋರಿನ್ ಅನಿಲ; 1915ರಲ್ಲಿ ಈಪ್ರ್ ರಣರಂಗದಲ್ಲಿ ಸೈನಿಕರ ಮೇಲೆ ಬಿಟ್ಟ ಅನಿಲವೇ ಅದು. ಕೆಮ್ಮುವ ಸದ್ದು ಕೇಳಿ ಅಕ್ಕ ಬಾಗಿಲು ತಳ್ಳಿದಾಗ ಹುಡುಗ ಗೋಡೆ ಹಿಡಿದು ಕುಸಿದಿದ್ದನು. ಅಂಗಳಕ್ಕೆ ಎಳೆದು ತಂದು, ವೈದ್ಯರಲ್ಲಿಗೆ ಒಯ್ದರು. ಒಂದು ರಾತ್ರಿ ಅವನ ಉಸಿರಿನ ಸದ್ದನ್ನು ಕೇಳುತ್ತಾ ಮನೆಮಂದಿಯೆಲ್ಲ ಎಚ್ಚರವಾಗಿದ್ದರು. ದೇವರ ದಯೆಯಿಂದ ಗುಣವಾಯಿತು. ಈ ದ್ರಾವಣಕ್ಕೆ ನಿಂಬೆ, ವಿನೆಗರ್, ಅಮೋನಿಯ, ಯಾವುದನ್ನೂ ಬೆರೆಸಕೂಡದು. ಯಾವ ಔಷಧಿಯನ್ನೇ ಬಳಸಲಿ, ಕಿಟಕಿ ಬಾಗಿಲುಗಳು ತೆರೆದಿರಲಿ; ಹೆಸರು ಬರೆದ ಚೀಟಿಯಿಲ್ಲದ ಡಬ್ಬಿಯಲ್ಲಿ ಅದನ್ನು ಇಡಬಾರದು; ಮಕ್ಕಳ ಕೈಗೆ ಸಿಗಬಾರದು.

ಬಾಯಿ ಒಡೆದ ಶೀಸೆಯನ್ನೂ ಗಾಜು ತೆಳುವಾದ ಶೀಸೆಯನ್ನೂ ಎಷ್ಟು ತೊಳೆದರೂ ಪ್ರಯೋಜನವಿಲ್ಲ. ಉಕ್ಕುವ ಪಾನೀಯದ ಒತ್ತಡಕ್ಕೆ ಅವು ಸಿಡಿದು ಕಣ್ಣಿಗೆ ಅಪಾಯ ತಂದಾವು. ತೊಳೆದ ಶೀಸೆಯನ್ನು ಒರಸುವ ಬಟ್ಟೆಯಿಂದ ಒಳಗೆ ಒರಸುವ ಅಭ್ಯಾಸವೂ ಬೇಡ. ಬಟ್ಟೆಯಲ್ಲಿರುವ ಕ್ರಿಮಿಗಳೇ ಮತ್ತೆ ಒಳಸೇರುವುವು.

ಈಗ ಅಕ್ಕನ ಮನೆಯ ಕಪಾಟಿನಲ್ಲಿ ಇರುವುದು ಎರಡೇ ವಸ್ತುಗಳು: ಒಂದು ಡಬ್ಬಿ ಸೋಡಾ, ಒಂದು ದೊಡ್ಡ ಹಂಡೆ. ಹೋದ ಸಲ ಹನ್ನೆರಡಕ್ಕೆ ಹನ್ನೆರಡು ಶೀಸೆಗಳೂ ಚೆನ್ನಾಗಿದ್ದುವು. ಅವುಗಳನ್ನು ಕುದಿಸಿ ಆರಿಸಿಟ್ಟವನು ಆ ಹುಡುಗನೇ. ಬಾಗಿಲನ್ನು ಮಾತ್ರ ಅವನ ತಾಯಿ ಹಾಕಗೊಡಲಿಲ್ಲ.